ಬಣ್ಣದ ಸೈಕಲ್ ಪಟ್ಟಿ, ‘30’ರ ಬೋರ್ಡು: ಇಷ್ಟು ಸಾಕಾ?

ಗಾಳಿಚಕ್ರ:

ಮನೆಯಿಂದ ಮಗಳ ಶಾಲೆಗೆ ಹೋಗುವ ರಸ್ತೆಯನ್ನು ಅಗೆದು ಹೊಸದಾಗಿ ಮಾಡ್ತಾರಂತೆ. ನಕ್ಷೆ ತೋರಿಸೋಕೆ ಕರೆದಿದ್ದರು, ಹೋಗಿದ್ದೆ. ಎರಡೂ ಅಂಚಿಗೆ ಹಸಿರು ಬಣ್ಣದ ಸೈಕಲ್ ಪಟ್ಟಿ, ಶಾಲೆಯ ಮುಂದೆ ‘30’ ಅಂತ ಒಂದು ಬೋರ್ಡು. ಉಳಿದದ್ದೆಲ್ಲ ಈಗ ಇದ್ದ ಹಾಗೇ.

ಮಗಳಿಗೆ 9 ವರ್ಷ. ಸೈಕಲ್ ಚೆನ್ನಾಗೇ ಬರುತ್ತೆ, ಒಬ್ಬಳನ್ನೇ ಕಳಿಸೋ ಧೈರ್ಯ ನನಗಿಲ್ಲ. ಅಮ್ಮನಿಗೆ 74, ಮಂಡಿನೋವು. ನಮ್ಮ ಅಡ್ಡರಸ್ತೆ ದೊಡ್ಡ ರಸ್ತೆಗೆ ಸೇರೋ ತಿರುವನ್ನು ದಾಟಬೇಕಲ್ಲ ಅನ್ನೋ ಒಂದೇ ಕಾರಣಕ್ಕೆ ವಾಕಿಂಗ್ ಬಿಟ್ಟುಬಿಟ್ಟಿದ್ದಾರೆ. ಅಲ್ಲಿ ಗಾಡಿಗಳು ವೇಗ ಇಳಿಸದೆ ಹಾಗೇ ಒಳಗೆ ನುಗ್ಗುತ್ತವೆ.

ಮೂರು ವಾರದೊಳಗೆ ಸಲಹೆ ಬರೆದು ಕೊಡಬೇಕು. ಹತ್ತು ಬೇಡಿಕೆ ಬರೆದರೆ ಒಂದನ್ನೂ ಓದಲ್ಲ ಅಂತ ಗೊತ್ತು. ಒಂದೇ ಒಂದು ಕೇಳೋದಾದರೆ ನೀವೇನು ಕೇಳ್ತೀರಿ?

ನಾಲ್ಕನೇ ಗೇರ್:

ಹಂಪ್ ಕೇಳಿ, ಮುಗೀತು. ಇದಕ್ಕೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ?

ಹಳೇ ಡ್ರಾಯಿಂಗ್ ಬೋರ್ಡ್:

ಮೂವತ್ತೊಂದು ವರ್ಷ ರಸ್ತೆಗಳ ನಕ್ಷೆ ಬರೆದು ನಿವೃತ್ತನಾದವನು ನಾನು. ನೀವು ಹೇಳುವಂಥ ತಿರುವುಗಳನ್ನು ಎಷ್ಟು ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಆದ್ದರಿಂದ ಇದು ಅರ್ಧ ಸಲಹೆ, ಅರ್ಧ ತಪ್ಪೊಪ್ಪಿಗೆ.

ಒಂದೇ ಕೇಳುವುದಾದರೆ ಆ ಮೂಲೆಯನ್ನು ಕೇಳಿ. ಅಡ್ಡರಸ್ತೆ ಸೇರುವಲ್ಲಿ ಫುಟ್‌ಪಾತಿನ ಅಂಚು ಕಮಾನಿನಂತೆ ಬಾಗಿರುತ್ತದಲ್ಲ, ಅದರ ತ್ರಿಜ್ಯ ಕಡಿಮೆ ಮಾಡಿ ಅನ್ನಿ.

ನಾವು ಆ ಕಮಾನನ್ನು ಹೇಗೆ ಬರೆಯುತ್ತಿದ್ದೆವು ಗೊತ್ತೆ? ಆ ರಸ್ತೆಗೆ ಬರಬಹುದಾದ ಅತಿ ದೊಡ್ಡ ಲಾರಿ ತನ್ನ ಲೇನ್ ಬಿಡದೆ, ತಡವರಿಸದೆ ತಿರುಗಬೇಕು ಎಂದು ಮೊದಲು ತೀರ್ಮಾನಿಸುತ್ತಿದ್ದೆವು. ಪ್ಲಾಸ್ಟಿಕ್ಕಿನ ಅಚ್ಚು ಇಟ್ಟು ಗೀಟು ಎಳೆದರೆ 9 ಮೀಟರ್, 12 ಮೀಟರ್ ತ್ರಿಜ್ಯ ಬರುತ್ತಿತ್ತು. ಆ ಲಾರಿ ಅಲ್ಲಿಗೆ ವಾರಕ್ಕೊಮ್ಮೆ ಬರುತ್ತಿತ್ತೋ ಏನೋ. ಉಳಿದ ಹೊತ್ತೆಲ್ಲ ಅದೇ ಕಮಾನು ಕಾರಿಗೆ, ಬೈಕಿಗೆ ಬ್ರೇಕ್ ಮುಟ್ಟದೆ ತಿರುಗಲು ಹಾಸಿಕೊಟ್ಟ ದಾರಿ. ಹಾಯಾಗಿ ತಿರುಗಬಹುದಾದ ವೇಗ ತ್ರಿಜ್ಯದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ: ಬಾಗು ನಾಲ್ಕು ಪಟ್ಟು ದೊಡ್ಡದಾದರೆ ವೇಗ ಎರಡು ಪಟ್ಟು. ಹಾಗೆ ನುಗ್ಗುವವರನ್ನು ನಾನೂ ಬೈದಿದ್ದೇನೆ, ನನ್ನದೇ ಗೀಟಿನ ಮೇಲೆ ನಿಂತು.

ಇನ್ನು ದಾಟುವವರ ಕಥೆ. ನಿಮ್ಮ ಅಡ್ಡರಸ್ತೆ 7 ಮೀಟರ್ ಅಗಲ ಅಂದುಕೊಳ್ಳಿ. ಮೂಲೆ 9 ಮೀಟರ್ ತ್ರಿಜ್ಯದ್ದಾದರೆ, ದೊಡ್ಡ ರಸ್ತೆಯ ಅಂಚಿನಿಂದ ಒಂದೂವರೆ ಮೀಟರ್ ಒಳಗೆ ನೇರವಾಗಿ ದಾಟುವವರು 15 ಮೀಟರ್ ನಡೆಯಬೇಕು. ಅದೇ ಮೂಲೆ 3 ಮೀಟರ್‌ನದ್ದಾದರೆ 8 ಮೀಟರ್ ಕೂಡ ಆಗುವುದಿಲ್ಲ. ರಸ್ತೆಯ ಅಗಲ ಎರಡರಲ್ಲೂ ಅದೇ 7 ಮೀಟರ್, ನಡಿಗೆ ಮಾತ್ರ ಹೆಚ್ಚುಕಮ್ಮಿ ಅರ್ಧ. ನಿಮ್ಮ ತಾಯಿ ವಾಕಿಂಗ್ ಬಿಟ್ಟದ್ದು ಈ ಏಳು ಮೀಟರಿಗೆ ಎಂದು ನನ್ನ ಊಹೆ.

ಮಗಳ ಸೈಕಲ್ಲಿಗೂ ಇದೇ ಮೂಲೆ ಮುಖ್ಯ. ಕಾರು ಅಗಲ ಬಾಗಿನಲ್ಲಿ ಜಾರಿಕೊಂಡು ತಿರುಗುವಾಗ ಪಕ್ಕದಲ್ಲಿ ನೇರ ಹೋಗುತ್ತಿರುವ ಸೈಕಲ್ಲು ಚಾಲಕನ ಭುಜದ ಹಿಂದೆ, ಕನ್ನಡಿಗೂ ಸಿಗದ ಜಾಗದಲ್ಲಿರುತ್ತದೆ. ಮೂಲೆ ಬಿಗಿಯಾಗಿದ್ದು ಸೈಕಲ್ ದಾರಿ ಸ್ವಲ್ಪ ಒಳಗೆ ಸರಿದಿದ್ದರೆ, ಕಾರು ಬಹುಪಾಲು ತಿರುಗಿ ಮುಗಿದ ಮೇಲೆ ಸೈಕಲ್ಲು ಎದುರಿಗೆ, ವಿಂಡ್‌ಶೀಲ್ಡಿನ ನಡುವೆ ಕಾಣುತ್ತದೆ. ನೆದರ್ಲೆಂಡ್ಸಿನ ಕೂಡುರಸ್ತೆಗಳಲ್ಲಿ ಮೂಲೆಗೊಂದು ಪುಟ್ಟ ದ್ವೀಪ ಇಟ್ಟಿರುತ್ತಾರಲ್ಲ, ಅದರ ಗುಟ್ಟು ಇದು. ಅವರೂ ಮೊದಲಿನಿಂದ ಹೀಗಿದ್ದವರಲ್ಲ. 1971ರಲ್ಲಿ ಅಲ್ಲಿನ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು, ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಹೆತ್ತವರು ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ಬೀದಿಗಿಳಿದರು. ಚಳವಳಿಯ ಹೆಸರೇ ಅದು.

ಬೋರ್ಡಿನ ವಿಷಯ. 30 ಎಂಬ ಅಂಕಿ ಸರಿಯಾದದ್ದೇ. 30ರಲ್ಲಿ ಬರುವ ಕಾರು, ಚಾಲಕ ಎಚ್ಚೆತ್ತುಕೊಳ್ಳಲು ಒಂದು ಸೆಕೆಂಡು ಹಿಡಿದರೆ, ಒಣ ರಸ್ತೆಯಲ್ಲಿ ಸುಮಾರು 13 ಮೀಟರಿನಲ್ಲಿ ನಿಲ್ಲುತ್ತದೆ. 50ರಲ್ಲಿ ಬರುವ ಕಾರಿಗೆ ಆ 13 ಮೀಟರ್ ಮುಗಿದಾಗ ಬ್ರೇಕೇ ಇನ್ನೂ ಹಿಡಿದಿರುವುದಿಲ್ಲ. ಮೊದಲನೆಯದು ಮಗುವಿನ ಮುಂದೆ ಬಂದು ನಿಂತರೆ, ಎರಡನೆಯದು ಅದೇ ಜಾಗವನ್ನು ಪೂರ್ತಿ 50ರಲ್ಲೇ ದಾಟುತ್ತದೆ. ಆದರೆ ಅಗಲವಾದ ನೇರ ರಸ್ತೆ ಮಾಡಿ, ಪಕ್ಕದಲ್ಲಿ 30ರ ಬೋರ್ಡು ನೆಟ್ಟರೆ ಚಾಲಕನ ಕಾಲು ರಸ್ತೆಯ ಮಾತು ಕೇಳುತ್ತದೆ, ಬೋರ್ಡಿನದಲ್ಲ.

ಹಸಿರು ಬಣ್ಣಕ್ಕೆ ನನ್ನ ತಕರಾರಿಲ್ಲ, ಕಣ್ಣಿಗೆ ತಂಪು. ಪಕ್ಕದಲ್ಲಿ ಕಾರು ನಿಲ್ಲಿಸಲು ಬಿಟ್ಟರೆ ಮಾತ್ರ ಆ ಪಟ್ಟಿ ಬಾಗಿಲು ತೆರೆಯುವ ಜಾಗವಾಗುತ್ತದೆ.

ಮೊದಲು ಒಂದು ಕೆಲಸ ಮಾಡಿ. ಟೇಪು, ಚಾಕ್‌ಪೀಸು, ಗಡಿಯಾರ ಹಿಡಿದುಕೊಂಡು ಆ ಮೂಲೆಗೆ ಹೋಗಿ ಅಳೆಯಿರಿ. ನಕ್ಷೆ ಬರೆದವನ ಮುಂದೆ ಅಳತೆ ಇಟ್ಟರೆ ಅವನು ಉತ್ತರ ಕೊಡಲೇಬೇಕಾಗುತ್ತದೆ. ನನ್ನ ಮುಂದೆ ಯಾರೂ ಇಡಲಿಲ್ಲ.

ನಾಲ್ಕನೇ ಗೇರ್ ಅವರಿಗೆ: ಹಂಪ್ ಬೇಡ ಅನ್ನುವುದಿಲ್ಲ. ಆದರೆ ಅದನ್ನು ಜನ ದಾಟುವ ಜಾಗಕ್ಕೇ ತನ್ನಿ. ಫುಟ್‌ಪಾತನ್ನು ಅದೇ ಎತ್ತರದಲ್ಲಿ ಅಡ್ಡರಸ್ತೆಯ ಮೇಲೆ ಹಾಯಿಸಿದರೆ ಇಳಿದು ಹತ್ತುವ ಕಷ್ಟ ಗಾಡಿಯ ಪಾಲಿಗೆ ಹೋಗುತ್ತದೆ, ಮಂಡಿನೋವಿನವರಿಗೆ ತಪ್ಪುತ್ತದೆ.

ಬಿಳಿಕೋಲು:

ಬೋರ್ಡ್ ಅವರೇ, ಕೊನೆಯ ಮಾತಿಗೆ ನನ್ನ ತಕರಾರು. ನನಗೆ ಕಣ್ಣು ಕಾಣುವುದಿಲ್ಲ. ಫುಟ್‌ಪಾತು ಮುಗಿದು ರಸ್ತೆ ಶುರುವಾಯಿತು ಅಂತ ನನಗೆ ಹೇಳೋದೇ ಆ ಮೆಟ್ಟಿಲು. ಎಲ್ಲ ಸಮ ಮಾಡಿಬಿಟ್ಟರೆ ನಾನು ಗೊತ್ತಿಲ್ಲದೆ ರಸ್ತೆ ನಡುವೆ ಇರ್ತೀನಿ. ಒಮ್ಮೆ ಹಾಗಾಗಿದೆ. ಹಾರ್ನ್ ಹೊಡೆದಾಗಲೇ ಗೊತ್ತಾಗಿದ್ದು.

ಹಳೇ ಡ್ರಾಯಿಂಗ್ ಬೋರ್ಡ್:

ಒಪ್ಪಿದೆ, ಬಿಟ್ಟುಹೋಗಬಾರದ ಮಾತು ಬಿಟ್ಟೆ. ಎರಡೂ ಅಂಚಿಗೆ ಉಬ್ಬುಚುಕ್ಕಿಯ ಹಾಸುಗಲ್ಲು ಬೇಕು. ದಾಟುವ ಜಾಗದ ಪೂರ್ತಿ ಅಗಲಕ್ಕೆ, ಕಾಲಿಗೂ ಕೋಲಿಗೂ ತಪ್ಪದೆ ಸಿಗುವಂತೆ. ಆ ಕಲ್ಲುಗಳನ್ನು 1960ರ ದಶಕದಲ್ಲಿ ಜಪಾನಿನ ಒಕಯಾಮಾದಲ್ಲಿ ಮೊದಲು ಹಾಕಿದ್ದೇ ಇಂಥ ದಾಟುಜಾಗಕ್ಕೆ. ಗಾಳಿಚಕ್ರ ಅವರೇ, ನಿಮ್ಮ ಕಾಗದದಲ್ಲಿ ಇದೂ ಸೇರಲಿ.

ನಾಲ್ಕನೇ ಗೇರ್:

ಎಲ್ಲ ಸರಿ ಸಾರ್, ಮನೆಗೆ ಬೆಂಕಿ ಬಿದ್ದಾಗ ಅಗ್ನಿಶಾಮಕದ ಗಾಡಿ ನಿಮ್ಮ 3 ಮೀಟರ್ ಮೂಲೆಯಲ್ಲಿ ಹೇಗೆ ತಿರುಗುತ್ತೆ?

ಹಳೇ ಡ್ರಾಯಿಂಗ್ ಬೋರ್ಡ್:

ನ್ಯಾಯವಾದ ಪ್ರಶ್ನೆ. ಅದು ಎದುರು ಲೇನನ್ನೂ ಬಳಸಿಕೊಂಡು ತಿರುಗುತ್ತದೆ. ಸೈರನ್ ಹಾಕಿ ಬರುವ ಗಾಡಿಗೆ ಅಷ್ಟು ಜಾಗ ಎಲ್ಲರೂ ಬಿಡುತ್ತಾರೆ. ಅದೂ ಸಾಲದಿದ್ದರೆ ಮೂಲೆಗೆ ತುಸು ಎತ್ತರಿಸಿದ ಒರಟು ಕಲ್ಲಿನ ಹಾಸು ಹಾಕಬಹುದು: ದೊಡ್ಡ ಚಕ್ರ ಹತ್ತಿ ಇಳಿಯುತ್ತದೆ, ಕಾರಿನವನು ಗಡಗಡ ಅನ್ನುತ್ತದೆಂದು ದೂರ ಇರುತ್ತಾನೆ. ಅಗ್ನಿಶಾಮಕದವರನ್ನು ನಿಜವಾಗಿ ತಡೆಯುವುದು ಮೂಲೆಗೆ ಅಂಟಿಸಿ ನಿಲ್ಲಿಸಿದ ಕಾರು. ಅಮೆರಿಕದ ನ್ಯೂಜೆರ್ಸಿಯ ಹೊಬೊಕೆನ್ ಎಂಬ ಊರಿನಲ್ಲಿ ಕೂಡುರಸ್ತೆಗಳ ಹತ್ತಿರ ಪಾರ್ಕಿಂಗ್ ತೆಗೆದು, ದಾಟುವವರೂ ಚಾಲಕರೂ ಪರಸ್ಪರ ಕಾಣುವಂತೆ ಮಾಡುತ್ತ ಬಂದರು. ವೇಗಮಿತಿಯನ್ನೂ ಇಳಿಸಿದರು. 2017ರಿಂದ ಏಳು ವರ್ಷ ಅಲ್ಲಿ ಒಂದೂ ರಸ್ತೆ ಸಾವಿಲ್ಲ. ಊರು ಚಿಕ್ಕದು, ನಿಜ.

ಗಾಳಿಚಕ್ರ:

ಅಳೆದು ಬಂದೆವು. ಟೇಪಿನ ಒಂದು ತುದಿ ಮಗಳ ಕೈಯಲ್ಲಿ, ಫೋನಿನ ಗಡಿಯಾರ ಅಮ್ಮನ ಕೈಯಲ್ಲಿ. ಜನ ನಡೆಯುವ ಸಾಲಿನಲ್ಲಿ 14 ಮೀಟರ್ 60. ರಸ್ತೆಯ ಅಸಲಿ ಅಗಲ 7 ಮೀಟರ್ 10. ಅಮ್ಮನನ್ನು ಕೈಹಿಡಿದು ದಾಟಿಸಿದೆ: 21 ಸೆಕೆಂಡು. ಇಪ್ಪತ್ತು ಹೆಜ್ಜೆ ಒಳಗೆ ಹೋಗಿ ಕಿರಿದಾದ ಕಡೆ ದಾಟಿಸಿದೆ: 10. ಅಮ್ಮ ನಂಬಲಿಲ್ಲ, ಇನ್ನೊಮ್ಮೆ ನಡೆಸು ಅಂದರು. ಮತ್ತೆ 10.

ಅರ್ಧ ಗಂಟೆ ಕೂತು ಎಣಿಸಿದಾಗ ಒಳಗೆ ತಿರುಗಿದ್ದು 43 ಗಾಡಿ, ಅದರಲ್ಲಿ ಲಾರಿ ಒಂದು. ಹಗ್ಗ ಕಟ್ಟಿ, ನೀವು ಒಯ್ಯಲು ಹೇಳಿದ ಚಾಕ್‌ಪೀಸಿನಲ್ಲಿ 3 ಮೀಟರ್ ಕಮಾನು ಬರೆದು ಫೋಟೋ ತೆಗೆದೆ. ಮಗಳು ಗೀಟಿನ ಒಳಗೆ ಒಂದು ಗಿಡ ಬರೆದಿದ್ದಾಳೆ, ಅದನ್ನೂ ಹಾಗೇ ಲಗತ್ತಿಸ್ತೀನಿ.

ಒಂದು ಸಂಶಯ. ಮಳೆನೀರು ಇಳಿಯುವ ಜಾಲರಿ ಸರಿಯಾಗಿ ಈ ಮೂಲೆಯಲ್ಲೇ ಇದೆ. ಅಂಚು ಮುಂದೆ ಬಂದರೆ ಅದು ಫುಟ್‌ಪಾತಿನ ಅಡಿ ಹೋಗುತ್ತಲ್ಲ?

ಹಳೇ ಡ್ರಾಯಿಂಗ್ ಬೋರ್ಡ್:

ಹೋಗುತ್ತದೆ. ಜಾಲರಿಯನ್ನು ಹೊಸ ಅಂಚಿಗೆ ತಂದು, ದಾಟುವ ಜಾಗಕ್ಕಿಂತ ಮೊದಲೇ, ನೀರು ಹರಿದು ಬರುವ ಕಡೆಗೆ ಕೂರಿಸಬೇಕು. ಇಲ್ಲವಾದರೆ ಮೊದಲ ಮಳೆಗೇ ದಾಟುವಲ್ಲಿ ಕೆರೆ. ಈ ಕೆಲಸದಲ್ಲಿ ದುಡ್ಡು ತಿನ್ನುವುದು ಕಲ್ಲಲ್ಲ, ಆ ಜಾಲರಿ ಮತ್ತು ಅದರ ಪೈಪು. ‘ಖರ್ಚಾಗುತ್ತದೆ’ ಎಂದು ಅವರು ಅನ್ನುವುದೂ ಅಲ್ಲೇ. ಹೇಗಿದ್ದರೂ ರಸ್ತೆ ಅಗೆಯುತ್ತಿದ್ದಾರಲ್ಲ, ಪೈಪು ಹೊರಗೆ ಕಾಣುವ ಆ ವಾರವೇ ಮಾಡಿ ಎಂದು ಕಾಗದದ ಮೊದಲ ಸಾಲಿನಲ್ಲೇ ಬರೆಯಿರಿ. ಗಿಡದ ಫೋಟೋ ಎರಡನೇ ಪುಟಕ್ಕೆ.