ಅಡುಗೆಮನೆ ಲೈಟಿಗೆ ಮೂರು ಕಡೆ ಸ್ವಿಚ್: ಪ್ಲಾಸ್ಟರ್‌ಗೆ ಮುಂಚೆ ಏನು ಹೇಳಿ ಮಾಡಿಸಬೇಕು?

ಪ್ರಶ್ನೆ (ನಿಟ್ಟುವಳ್ಳಿ, ದಾವಣಗೆರೆ):
ಅಣ್ಣಾರೇ, ಹೊಸ ಮನೆ ಕಟ್ಟಿಸುತ್ತಿದ್ದೇವೆ. ಗೋಡೆ ಎದ್ದಿದೆ, ಇನ್ನು ಪೈಪ್ ಹಾಕುವುದಕ್ಕೆ ಕೊರೆಯಬೇಕು. ಅಡುಗೆಮನೆಗೆ ಹಾಲ್ ಕಡೆ ಒಂದು ಬಾಗಿಲು, ಹಿತ್ತಲ ಕಡೆ ಒಂದು, ಊಟದ ಜಾಗದ ಕಡೆ ಬಾಗಿಲಿಲ್ಲದ ದಾರಿ. ಸೀಲಿಂಗ್‌ನಲ್ಲಿ ನಾಲ್ಕು ಲೈಟ್, ಕಟ್ಟೆಯ ಮೇಲಿನ ಕಪಾಟಿನ ಕೆಳಗೆ ಎರಡು ಪಟ್ಟಿ ಲೈಟ್, ಸಿಂಕ್ ಮೇಲೆ ಒಂದು. ಏಳನ್ನೂ ಮೂರೂ ಕಡೆಯಿಂದ ಹಾಕಿ ಆರಿಸುವ ಹಾಗೆ ಬೇಕು. ವೈರಿಂಗ್ ಮಾಡುವ ಹುಡುಗ "ಟೂ ವೇ ಅಂದ್ರೆ ಎರಡೇ ಕಡೆ, ಮೂರು ಆಗಲ್ಲ" ಅನ್ನುತ್ತಾನೆ. ಹೌದಾ?

ಉತ್ತರ (ಎಲೆಕ್ಟ್ರಿಷಿಯನ್):
ಆಗುತ್ತದೆ ಅಕ್ಕಾ. ಮೂರಲ್ಲ, ಐದು ಕಡೆಯಿಂದಲೂ ಆಗುತ್ತದೆ. ಮೊದಲನೆಯ ಮತ್ತು ಕೊನೆಯ ಬೋರ್ಡಿನಲ್ಲಿ ಟೂ ವೇ ಸ್ವಿಚ್, ನಡುವೆ ಎಷ್ಟು ಬೋರ್ಡ್ ಬಂದರೂ ಅಲ್ಲಿ ಇಂಟರ್‌ಮೀಡಿಯೆಟ್ ಸ್ವಿಚ್. ಟೂ ವೇಗೆ ಹಿಂದೆ ಮೂರು ಪಿನ್ ಇರುತ್ತವೆ, ಇಂಟರ್‌ಮೀಡಿಯೆಟ್‌ಗೆ ನಾಲ್ಕು. ಫೇಸ್, ಅಂದರೆ ಕರೆಂಟ್ ತರುವ ವೈರ್, ಬಂದು ಮೊದಲ ಸ್ವಿಚ್‌ನ ಕಾಮನ್ ಪಿನ್‌ಗೆ (ಉಳಿದೆರಡು ಪಿನ್‌ಗಳಲ್ಲಿ ಒಮ್ಮೆ ಒಂದಕ್ಕೆ, ಒಮ್ಮೆ ಇನ್ನೊಂದಕ್ಕೆ ಸೇರುವ ಪಿನ್) ಸೇರಬೇಕು. ಅಲ್ಲಿಂದ ಎರಡು ವೈರ್ ಜೋಡಿಯಾಗಿ ನಡುವಿನ ಸ್ವಿಚ್‌ಗೆ, ಅಲ್ಲಿಂದ ಮತ್ತೆ ಎರಡು ಕೊನೆಯ ಸ್ವಿಚ್‌ಗೆ. ಕೊನೆಯ ಸ್ವಿಚ್‌ನ ಕಾಮನ್‌ನಿಂದ ಲೈಟಿಗೆ. ನಡುವಿನ ಸ್ವಿಚ್ ಮಾಡುವುದಿಷ್ಟೇ: ಒಮ್ಮೆ ಒತ್ತಿದರೆ ಜೋಡಿಯನ್ನು ನೇರ ಕಳಿಸುತ್ತದೆ, ಇನ್ನೊಮ್ಮೆ ಒತ್ತಿದರೆ ಅದಲು ಬದಲು ಮಾಡುತ್ತದೆ. ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್, ಯಾವ ಸ್ವಿಚ್‌ಗೂ ಹೋಗದೆ ನೇರ ಲೈಟಿಗೆ ಬರಬೇಕು.

ಆದರೆ ಏಳು ಲೈಟಿಗೂ ಬೇರೆ ಬೇರೆ ಹೀಗೆ ಮಾಡಿಸಿದರೆ ಮೂರು ಬೋರ್ಡಿಗೆ 21 ಸ್ವಿಚ್ ಆಗುತ್ತದೆ. ಬೋರ್ಡಿಂದ ಬೋರ್ಡಿಗೆ 14 ವೈರ್. ದುಡ್ಡಿನ ಮಾತು ಬಿಡಿ, ಕತ್ತಲಲ್ಲಿ ಯಾವ ಸ್ವಿಚ್ ಯಾವುದಕ್ಕೆ ಅಂತ ಗೊತ್ತೇ ಆಗುವುದಿಲ್ಲ. ಸೀಲಿಂಗ್‌ನ ನಾಲ್ಕೂ ಒಂದು ಗುಂಪು ಮಾಡಿ, ಅದನ್ನು ಮೂರು ಕಡೆ ಕೊಡಿ. ಕಟ್ಟೆಯ ಎರಡು ಪಟ್ಟಿ ಇನ್ನೊಂದು ಗುಂಪು, ಹಾಲ್ ಬಾಗಿಲು ಮತ್ತು ಹಿತ್ತಲ ಬಾಗಿಲು ಎರಡು ಕಡೆ ಸಾಕು. ಸಿಂಕ್ ಲೈಟಿಗೆ ಸಿಂಕ್ ಹತ್ತಿರ, ನೀರು ಸಿಡಿಯದ ಜಾಗದಲ್ಲಿ, ಒಂದೇ ಮಾಮೂಲಿ ಸ್ವಿಚ್. ಒಟ್ಟು ಆರು ಸ್ವಿಚ್‌ನಲ್ಲಿ ಮುಗಿಯಿತು.

ನಾಲ್ಕು ಲೈಟಿಗೆ ಒಂದೇ ಸ್ವಿಚ್ ತಡೆಯುತ್ತದಾ ಅಂತ ಕೇಳಬೇಡಿ. 9 ವ್ಯಾಟ್‌ನ ನಾಲ್ಕು ಎಲ್‌ಇಡಿ ಸೇರಿದರೆ 36 ವ್ಯಾಟ್. 230 ವೋಲ್ಟ್‌ನಲ್ಲಿ ಕಾಲು ಆಂಪಿಯರ್ ಕೂಡ ಇಲ್ಲ, ಸ್ವಿಚ್ 6 ಆಂಪಿಯರ್‌ದು.

ಇಂಟರ್‌ಮೀಡಿಯೆಟ್ ಎಲ್ಲ ಅಂಗಡಿಯಲ್ಲೂ ಇಟ್ಟಿರುವುದಿಲ್ಲ. ಈಗಲೇ ಹೇಳಿ ತರಿಸಿ, ಉಳಿದ ಸ್ವಿಚ್‌ಗಳ ಕಂಪನಿ, ಮಾಡೆಲ್ ಒಂದೇ ಇರಲಿ, ಇಲ್ಲದಿದ್ದರೆ ಪ್ಲೇಟ್‌ಗೆ ಕೂರುವುದಿಲ್ಲ.

ಪ್ರಶ್ನೆ (ಅವರೇ):
ಅವನಿಗೆ ತೋರಿಸಿದೆ ಅಣ್ಣಾ. "ಜೋಡಿ ವೈರ್ ಎಲ್ಲ ಯಾಕೆ, ಎರಡು ಬೋರ್ಡಲ್ಲೂ ಫೇಸ್, ನ್ಯೂಟ್ರಲ್ ಇದ್ದೇ ಇರುತ್ತೆ. ಅಲ್ಲಿಂದಲೇ ತಗೊಂಡು ಕಟ್ಟೆ ಲೈಟಿಗೆ ಟೂ ವೇ ಮಾಡಿಕೊಡ್ತೀನಿ, ವೈರ್ ಉಳಿಯುತ್ತೆ" ಅಂದ. ಮಾಡಿಸಲಾ?

ಉತ್ತರ:
ಬೇಡವೇ ಬೇಡ ಅಕ್ಕಾ. ದಯವಿಟ್ಟು ಇದೊಂದಕ್ಕೆ ಒಪ್ಪಬೇಡಿ. ಆ ರೀತಿಯಲ್ಲಿ ಲೈಟಿನ ಒಂದು ತುದಿ ಒಂದು ಸ್ವಿಚ್‌ಗೆ, ಇನ್ನೊಂದು ತುದಿ ಮತ್ತೊಂದು ಸ್ವಿಚ್‌ಗೆ ಹೋಗುತ್ತದೆ. ಎರಡೂ ತುದಿಗೆ ನ್ಯೂಟ್ರಲ್ ಬಂದರೂ ಲೈಟ್ ಆರುತ್ತದೆ, ಎರಡೂ ತುದಿಗೆ ಫೇಸ್ ಬಂದರೂ ಆರುತ್ತದೆ. ನೋಡುವವರಿಗೆ ಎರಡೂ ಒಂದೇ ಥರ. ಎರಡನೆಯದರಲ್ಲಿ ಆರಿದ ಲೈಟಿನಲ್ಲಿ ಪೂರ್ತಿ ಕರೆಂಟ್ ಇರುತ್ತದೆ. ಒದ್ದೆ ಕೈಯಲ್ಲಿ ಕಟ್ಟೆ ಒರೆಸುವ ಜಾಗ ಅದು. ಮೇಲಿಂದ ಒಂದೇ ಸ್ವಿಚ್‌ನೊಳಗೆ ಫೇಸ್, ನ್ಯೂಟ್ರಲ್ ಎರಡೂ ಕೂತಿರುತ್ತವೆ. ಒಳಗೆ ಕಿಡಿ ಹಾರಿದರೆ ನೇರ ಶಾರ್ಟ್.

ಕೆಲಸ ಮುಗಿದ ಮೇಲೆ ಪರೀಕ್ಷೆ ಮಾಡಿಸಿ. ಲೈಟ್ ಆರಿಸಿ, ಅದರ ಎರಡೂ ಪಾಯಿಂಟ್‌ಗೆ ಅವನ ಕೈಯಲ್ಲೇ ಟೆಸ್ಟರ್ ಹಿಡಿಸಿ. ಒಂದು ಸ್ವಿಚ್ ಒತ್ತಿ ಲೈಟ್ ಹಾಕಿ, ಇನ್ನೊಂದರಿಂದ ಮತ್ತೆ ಆರಿಸಿ, ಮತ್ತೊಮ್ಮೆ ನೋಡಿ. ಯಾವ ಸಲವೂ ಟೆಸ್ಟರ್ ಚೆನ್ನಾಗಿ ಉರಿಯಬಾರದು. ಉರಿದರೆ ಬಿಚ್ಚಿಸಿ, ದುಡ್ಡು ತಡೆಯಿರಿ. ವೈರಿಂಗ್ ಪರ್ಮಿಟ್ ಇರುವವರ ಕೈಯಲ್ಲೇ ಮಾಡಿಸಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

ಇನ್ನೊಂದು ಮಾತು. ಯುಪಿಎಸ್ ಹಾಕಿಸುತ್ತೀರಲ್ವಾ? ಯುಪಿಎಸ್ ಮೇಲೆ ಬರಬೇಕಾದ ಗುಂಪಿಗೆ ಮೊದಲ ಬೋರ್ಡಿನಲ್ಲಿ ಮಾತ್ರ ಯುಪಿಎಸ್ ಫೇಸ್ ಕೊಡಿಸಿ. ಬೇರೆ ಬೋರ್ಡಿನಿಂದ ಫೇಸ್ ಎಳೆಯಬಾರದು. ನ್ಯೂಟ್ರಲ್ ಕೂಡ ಅದೇ ಸರ್ಕ್ಯೂಟಿನದೇ ಇರಬೇಕು. ಬೇರೆಯದು ಬೆರೆತರೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸುರಕ್ಷತಾ ಸ್ವಿಚ್) ಸುಮ್ನೆ ಸುಮ್ನೆ ಬೀಳುತ್ತಿರುತ್ತದೆ.

ಪ್ರಶ್ನೆ (ಚಿತ್ರದುರ್ಗ):
ಸರ್, ನಮ್ಮದು ಹಳೆ ಮನೆ, ಕಲ್ಲಿನ ಗೋಡೆ. ಒಡೆಯುವ ಹಾಗಿಲ್ಲ. ಅಡುಗೆಮನೆ ಲೈಟಿಗೆ ಹಿತ್ತಲ ಬಾಗಿಲಲ್ಲಿ ಇನ್ನೊಂದು ಸ್ವಿಚ್ ಬೇಕಿತ್ತು.

ಉತ್ತರ:
ಒಡೆಯಬೇಡಿ. ಗೋಡೆ ಮೇಲೆ ಪಿವಿಸಿ ಕೇಸಿಂಗ್ ಪಟ್ಟಿ ಹೊಡೆಸಿ, ಅದರೊಳಗೆ ಮೂರು ವೈರ್ ಎಳೆಸಿ. ಎರಡು ವೈರ್ ಜೋಡಿಯಾಗಿ ಹಳೆ ಬೋರ್ಡಿನ ಸ್ವಿಚ್‌ನಿಂದ ಹೊಸ ಸ್ವಿಚ್‌ಗೆ, ಮೂರನೆಯದು ಹೊಸ ಸ್ವಿಚ್‌ನ ಕಾಮನ್‌ನಿಂದ ಹಳೆ ಬೋರ್ಡಿಗೆ ವಾಪಸ್ ಬಂದು ಲೈಟಿನ ವೈರ್‌ಗೆ ಸೇರುವುದು. ಹಳೆ ಸ್ವಿಚ್ ತೆಗೆದು ಟೂ ವೇ ಹಾಕಬೇಕು. ಈ ಮೂರಕ್ಕೆ ಕಪ್ಪು, ಹಸಿರು ಬಣ್ಣ ಬಳಸಬೇಡಿ. ಕಪ್ಪು ನ್ಯೂಟ್ರಲ್‌ಗೆ, ಹಸಿರು ಅರ್ಥಿಂಗ್‌ಗೆ. ಮುಂದೆ ಯಾರೋ ಬಿಚ್ಚಿದಾಗ ಬಣ್ಣ ನಂಬಿ ಕೈ ಇಡುತ್ತಾರೆ.

ಕೇಸಿಂಗ್ ಕಾಣುವುದು ಇಷ್ಟವಿಲ್ಲದಿದ್ದರೆ ರಿಮೋಟ್ ಸ್ವಿಚ್ ಇದೆ. ರಿಸೀವರ್ ಹಳೆ ಬೋರ್ಡಿನೊಳಗೆ ಕೂರುತ್ತದೆ, ಗೋಡೆಗೆ ಅಂಟಿಸುವ ಬಟನ್ ಸೆಲ್‌ನಲ್ಲಿ ನಡೆಯುತ್ತದೆ. ನನಗೆ ವೈರ್ ಮೇಲೇ ನಂಬಿಕೆ ಜಾಸ್ತಿ.

ಪ್ರಶ್ನೆ (ವಿದ್ಯಾನಗರ, ದಾವಣಗೆರೆ):
ಟೂ ವೇ ಮಾಡಿಸಿದ ಮೇಲೆ ನಮ್ಮ ಎಲ್‌ಇಡಿ ಆರಿಸಿದರೂ ರಾತ್ರಿ ಮಂಕಾಗಿ ಉರಿಯುತ್ತದೆ. ಕರೆಂಟ್ ಸೋರುತ್ತಿದೆಯಾ?

ಉತ್ತರ:
ಮೊದಲು ನ್ಯೂಟ್ರಲ್ ಸ್ವಿಚ್‌ಗೆ ಹೋಗಿದೆಯಾ ನೋಡಿಸಿ. ಸ್ವಿಚ್‌ನಲ್ಲಿ ಇಂಡಿಕೇಟರ್ ದೀಪ ಇದ್ದರೆ ಅದರಿಂದಲೂ ಹೀಗಾಗುತ್ತದೆ. ಎರಡೂ ಅಲ್ಲದಿದ್ದರೆ ಜೋಡಿ ವೈರ್‌ನಿಂದ ಬಂದಿದ್ದು. ಕರೆಂಟ್ ಇರುವ ವೈರ್‌ಗೆ ಅಂಟಿಕೊಂಡು ಖಾಲಿ ವೈರ್ ಉದ್ದಕ್ಕೆ ಓಡಿದರೆ ಅದರಲ್ಲೂ ಚೂರು ವೋಲ್ಟೇಜ್ ಹುಟ್ಟುತ್ತದೆ. ಎಲ್‌ಇಡಿಗೆ ಅಷ್ಟೇ ಸಾಕು. ಇದಕ್ಕೆಂದೇ ಸಿಗುವ ಕೆಪಾಸಿಟರನ್ನು ಲೈಟಿನ ಎರಡು ಪಾಯಿಂಟ್‌ಗೆ ಅಡ್ಡ ಹಾಕಿಸಿದರೆ ನಿಲ್ಲುತ್ತದೆ.

ಟೂ ವೇ ಇರುವ ಮನೆಯವರೆಲ್ಲ ಗಮನಿಸಿ: ಸ್ವಿಚ್ ಮೇಲಿದೆಯೋ ಕೆಳಗಿದೆಯೋ ನೋಡಿ ಲೈಟ್ ಆಫ್ ಅಂತ ನಂಬುವ ಹಾಗಿಲ್ಲ. ಇನ್ನೊಂದು ಸ್ವಿಚ್ ಹೇಗಿದೆ ಅನ್ನುವುದರ ಮೇಲೆ ಅದು ಬದಲಾಗುತ್ತದೆ. ಬಲ್ಬ್ ಬದಲಿಸುವ ಮುಂಚೆ ಮೇನ್ ಬೋರ್ಡಿನಲ್ಲಿ ಆ ಲೈಟಿನ ಎಂಸಿಬಿ ಸ್ವಿಚ್ ಕೆಳಗೆ ಮಾಡಿ ಆಫ್ ಮಾಡಿ. ಆ ಲೈಟ್ ಯುಪಿಎಸ್ ಮೇಲಿದ್ದರೆ ಯುಪಿಎಸ್ ಕೂಡ ಆಫ್ ಮಾಡಿ.