ಮಳೆಗಾಲದಲ್ಲಿ ಕೂಲಂಬ್ ಪ್ರಯೋಗ: ಗುಂಡುಗಳು ದೂರ ನಿಲ್ಲುತ್ತಿಲ್ಲ

ಬದಿಯಡ್ಕ ಟೀಚರ್:
ಪ್ಲಸ್ ಟು ಮಕ್ಕಳಿಗೆ ವಿಕರ್ಷಣೆ, ಅಂದರೆ ಒಂದೇ ಬಗೆಯ ವಿದ್ಯುತ್ ಆವೇಶಗಳು ಒಂದನ್ನೊಂದು ದೂರ ತಳ್ಳುವುದನ್ನು ತೋರಿಸಬೇಕು. 1 ಸೆಂ.ಮೀ. ವ್ಯಾಸದ ಎರಡು ಥರ್ಮೋಕೋಲ್ ಗುಂಡುಗಳನ್ನು ಹೊಲಿಗೆ ನೂಲಿನಲ್ಲಿ ತೂಗಹಾಕಿ, ಉಣ್ಣೆಬಟ್ಟೆಯಿಂದ ಉಜ್ಜಿದ ಪಿವಿಸಿ ಪೈಪ್ ಮುಟ್ಟಿಸಿದರೆ ತುಸು ಸರಿಯುತ್ತವೆ, ಸ್ವಲ್ಪ ಹೊತ್ತಿನಲ್ಲೇ ಮತ್ತೆ ಕೂಡಿಕೊಳ್ಳುತ್ತವೆ. ಬೇಸಗೆಯಲ್ಲಿ ತೊಂದರೆ ಇಲ್ಲ, ಆಟಿ ಮಳೆಯಲ್ಲಿ ಮಾತ್ರ ಹೀಗೆ. ಒದ್ದೆ ಗಾಳಿಯೇ ಆವೇಶವನ್ನು ಒಯ್ಯುತ್ತದೆಯೇ?

ಮಂಜೇಶ್ವರ ಲ್ಯಾಬ್:
ಗಾಳಿಗಿಂತ ನೂಲಿನದ್ದೇ ತಪ್ಪು ಟೀಚರ್. ಹತ್ತಿ ತೇವ ಹೀರುತ್ತದೆ, ಅದರ ಮೂಲಕ ಆವೇಶ ಸ್ಟ್ಯಾಂಡಿಗೆ ಇಳಿದುಹೋಗುತ್ತದೆ. ಪೈಪಿನ ಮೇಲೂ ತೆಳ್ಳಗೆ ನೀರಿನ ಪೊರೆ ಕೂರುತ್ತದೆ. ಬೆರಳಿನ ಬೆವರು, ಕಡಲ ಗಾಳಿಯ ಉಪ್ಪು ಸೇರಿದರೆ ಅದೇ ವಾಹಕ. ಮೀನು ಹಿಡಿಯುವ ತೆಳು ನೈಲಾನ್ ದಾರ ಕಟ್ಟಿ. ದಾರ, ಪೈಪ್ ಎರಡನ್ನೂ ಸ್ಪಿರಿಟ್‌ನಿಂದ ಒರೆಸಿ, ಅದು ಪೂರ್ತಿ ಆರಿದ ಮೇಲೆ ಹೇರ್ ಡ್ರೈಯರ್ ಹಿಡಿಯಿರಿ. ಉಣ್ಣೆಯನ್ನೂ ಒಣಗಿಸಲೇಬೇಕು, ಹೆಚ್ಚಿನವರು ಇದನ್ನೇ ಮರೆಯುವುದು. ಆಮೇಲೆ ದಾರವನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಗುಂಡುಗಳಿಗೆ ಪೆನ್ಸಿಲ್ ಸೀಸದ ಪುಡಿ ಬಳಿಯಿರಿ, ಆವೇಶ ಸುತ್ತಲೂ ಹರಡುತ್ತದೆ. ಪೈಪ್ ಅವಾಹಕ, ಒಂದೇ ಕಡೆ ಮುಟ್ಟಿಸಿದರೆ ಆ ಜಾಗದ ಆವೇಶ ಮಾತ್ರ ದಾಟುತ್ತದೆ. ಗುಂಡುಗಳು ಒಂದಕ್ಕೊಂದು ತಾಗಿಕೊಂಡಿರುವಾಗಲೇ ಪೈಪನ್ನು ತಿರುಗಿಸುತ್ತಾ ಉದ್ದಕ್ಕೂ ಸವರಿ.

ಕುಂಬಳೆ ಫಿಸಿಕ್ಸ್:
ಲೆಕ್ಕವನ್ನೂ ಮಾಡಿಸಿ. ಗುಂಡು 10 ಮಿಲಿಗ್ರಾಂ, ದಾರ 17 ಸೆಂ.ಮೀ. ಇದ್ದು ನಡುವಿನ ಅಂತರ 5 ಸೆಂ.ಮೀ. ಬಂದರೆ, ಒಂದೊಂದರ ಮೇಲೂ ಸುಮಾರು 2 ನ್ಯಾನೊಕೂಲಂಬ್ ಆವೇಶ ಇದೆ (ಆವೇಶದ ಅಳತೆ ಕೂಲಂಬ್, ಅದರ ನೂರು ಕೋಟಿಯಲ್ಲೊಂದು ಪಾಲು ನ್ಯಾನೊಕೂಲಂಬ್). ಒಂದು ಗುಂಡು ಇನ್ನೊಂದು ಇರುವಲ್ಲಿ ಉಂಟುಮಾಡುವ ಕ್ಷೇತ್ರ, ಅಂದರೆ ಅಲ್ಲಿ ಪ್ರತಿ ಕೂಲಂಬ್ ಆವೇಶದ ಮೇಲೆ ಬೀಳುವ ಬಲ, ಕೂಲಂಬಿಗೆ ಸುಮಾರು 7200 ನ್ಯೂಟನ್. ಬಲ ಸುಮಾರು 0.000014 ನ್ಯೂಟನ್, ಗುಂಡಿನ ತೂಕದ ಏಳರಲ್ಲೊಂದು ಪಾಲು. ಎರಡನೇ ಗುಂಡನ್ನು ತೆಗೆದರೂ ಆ ಕ್ಷೇತ್ರ ಅಲ್ಲೇ ಇರುತ್ತದೆ. ಮುಟ್ಟದೆ ತಳ್ಳುವುದು ಹೇಗೆ ಎಂದು ಕೇಳುವ ಮಗುವಿಗೆ ಇದನ್ನೇ ಹೇಳಬೇಕು.

ಎಷ್ಟು ಉಜ್ಜಿದರೂ ಈ ಗಾತ್ರದ ಗುಂಡಿನಲ್ಲಿ ಸುಮಾರು 8 ನ್ಯಾನೊಕೂಲಂಬ್‌ಗಿಂತ ಹೆಚ್ಚು ನಿಲ್ಲದು. ಮೇಲ್ಮೈಯ ಕ್ಷೇತ್ರ ಮೀಟರಿಗೆ 30 ಲಕ್ಷ ವೋಲ್ಟ್ (ಕೂಲಂಬಿಗೆ 30 ಲಕ್ಷ ನ್ಯೂಟನ್ ಎಂದರೂ ಇದೇ) ದಾಟಿದರೆ ಗಾಳಿಯೇ ವಾಹಕವಾಗುತ್ತದೆ.

ಬದಿಯಡ್ಕ ಟೀಚರ್:
ಉಪಕಾರ ಆಯಿತು. ಹರಳೆಣ್ಣೆಯಲ್ಲಿ ರವೆ ಉದುರಿಸಿ ಕ್ಷೇತ್ರರೇಖೆ (ಕ್ಷೇತ್ರದ ದಿಕ್ಕು ತಿಳಿಸುವ ಗೆರೆ) ತೋರಿಸಲು 230 ವೋಲ್ಟ್ ಸಾಕೇ?

ಮಂಜೇಶ್ವರ ಲ್ಯಾಬ್:
ಸಾಲದು, ಜೀವಕ್ಕೂ ಅಪಾಯ. ಮನೆಯ ಕರೆಂಟನ್ನು ಅದರ ಹತ್ತಿರ ತರಲೇಬೇಡಿ. ರವೆಕಾಳು ಸಾಲುಗಟ್ಟಲು ಕೆಲವು ಸಾವಿರ ವೋಲ್ಟ್ ಬೇಕು. ಶಾಲೆಯಲ್ಲಿ ಸಣ್ಣ ವ್ಯಾನ್ ಡಿ ಗ್ರಾಫ್ (ಆವೇಶ ಕೂಡಿಹಾಕಿ ಹೆಚ್ಚು ವೋಲ್ಟ್ ಕೊಡುವ ಯಂತ್ರ) ಇದ್ದರೆ ಅದನ್ನೇ ಬಳಸಿ. ಎಣ್ಣೆ ಅರ್ಧ ಸೆಂಟಿಮೀಟರ್ ಆಳ ಇರಲಿ, ರವೆಯನ್ನು ಮೊದಲು ಬಾಣಲೆಯಲ್ಲಿ ಬೆಚ್ಚಗೆ ಮಾಡಿ ತೇವ ತೆಗೆಯಿರಿ.