ಫ್ಲೋರೈಡ್ ಬಗ್ಗೆ 15 ನಿಮಿಷದ ಬಾನುಲಿ ಮಾತುಕತೆ: ಪಾಠದಂತಾಗದ ಹಾಗೆ ಹೇಗೆ?

ಹೊಸಸ್ವರ: ಕೋಲಾರ ಜಿಲ್ಲೆಯ ಸಮುದಾಯ ಬಾನುಲಿಗೆ ಕೊಳವೆಬಾವಿ ನೀರಿನ ಫ್ಲೋರೈಡ್ (ಮಿತಿ ಮೀರಿದರೆ ಹಲ್ಲು, ಮೂಳೆ ಕೆಡಿಸುವ ಲವಣ) ಕುರಿತು ಸರಣಿ ಮಾಡಬೇಕಿದೆ. ತಜ್ಞರನ್ನು ಕೂರಿಸಿದರೆ ಕ್ಲಾಸ್‌ ರೂಮ್ ಆಗಿಬಿಡುತ್ತೆ, ಊರಲ್ಲಿ ರೆಕಾರ್ಡ್ ಮಾಡಿದರೆ ಬರೀ ಗಾಳಿ ಸದ್ದು. ಇರೋದು ಮೊಬೈಲ್ ಮತ್ತು ಕಾಲರ್ ಮೈಕ್. ಪ್ರಶ್ನೆ ಹೇಗೆ ಜೋಡಿಸಬೇಕು, ರೆಕಾರ್ಡಿಂಗ್‌ಗೆ ಏನು ನೋಡ್ಕೋಬೇಕು?

ಕೊಡಪಾನ: "ಫ್ಲೋರೈಡ್ ಎಂದರೇನು" ಅಂತ ಶುರು ಮಾಡಿದರೆ ಮೊದಲ ನಿಮಿಷಕ್ಕೇ ಕೇಳುಗರು ಸ್ಟೇಷನ್ ಬದಲಿಸ್ತಾರೆ. "ಕುದಿಸಿ ಆರಿಸಿ ಕುಡಿದರೆ ಸಾಕಲ್ವಾ?" ಅಂತ ಕೇಳಿ. ಸಾಲದು. ಕುದಿಸಿದಾಗ ನೀರು ಆವಿಯಾಗಿ ಕಡಿಮೆಯಾಗುತ್ತೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತೆ, ಸಾಂದ್ರತೆ ಏರುತ್ತೆ. ಮುಂದಿನ ಪ್ರಶ್ನೆ ನೀರಲ್ಲಿ ಅದ್ದಿ ನೋಡುವ ಟಿಡಿಎಸ್ ಪೆನ್ನಿನದ್ದು. ಅದು ಕರಗಿದ ಲವಣಗಳ ಒಟ್ಟು ಅಂದಾಜನ್ನಷ್ಟೇ ಕೊಡುತ್ತೆ, ಫ್ಲೋರೈಡ್ ಎಷ್ಟಿದೆ ಅಂತ ಹೇಳಲ್ಲ. ಲೀಟರಿಗೆ 300 ಮಿಲಿಗ್ರಾಂ ತೋರಿಸಿದ ನೀರಲ್ಲೂ ಫ್ಲೋರೈಡ್ ಮಿತಿ ಮೀರಿರಬಹುದು. ಕ್ಯಾಂಡಲ್ ಫಿಲ್ಟರ್‌ಗೂ ಇದನ್ನು ತೆಗೆಯಲು ಆಗಲ್ಲ.

ಅಂಕಿಗೆ ಒಂದೇ ಅಳತೆ ಇಟ್ಕೊಳ್ಳಿ. ನೀರಿನ ಲೆಕ್ಕದಲ್ಲಿ ಒಂದು ಪಿಪಿಎಂ ಅಂದರೂ ಲೀಟರಿಗೆ ಒಂದು ಮಿಲಿಗ್ರಾಂ ಅಂದರೂ ಒಂದೇ, ಆದರೆ ತಜ್ಞರು ಒಮ್ಮೆ ಪಿಪಿಎಂ, ಒಮ್ಮೆ ಮಿಲಿಗ್ರಾಂ ಅಂದರೆ ಕೇಳುಗರಿಗೆ ಎರಡು ಬೇರೆ ವಸ್ತು ಅನ್ನಿಸುತ್ತೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಪ್ಪಬಹುದಾದ ಮಿತಿ, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5. ಇದನ್ನು "ಸಾವಿರ ಲೀಟರ್ ಸಿಂಟೆಕ್ಸ್ ಟ್ಯಾಂಕಿಗೆ ಒಂದೂವರೆ ಗ್ರಾಂ" ಅಂದರೆ ಅಜ್ಜಿಗೂ ಕಣ್ಣಿಗೆ ಕಟ್ಟುತ್ತೆ. ಹಲ್ಲಿನ ಕಂದು ಕಲೆ ಉಜ್ಜಿದರೆ ಯಾಕೆ ಹೋಗಲ್ಲ ಅನ್ನೋದನ್ನೂ ಕೇಳಿ: ಸುಮಾರು 8 ವರ್ಷದೊಳಗೆ, ಹಲ್ಲು ರೂಪುಗೊಳ್ಳುವಾಗಲೇ, ಹಲ್ಲಿನ ಹೊರಪದರ ಎನಾಮಲ್‌ಗೆ ಫ್ಲೋರೈಡಿಂದ ಆದ ತೊಂದರೆ ಅದು.

ತಂತಿಕಂಬ: ಮೊಬೈಲ್ ಸಾಕು, ಆದರೆ ಫ್ಲೈಟ್ ಮೋಡ್‌ಗೆ ಹಾಕಿ. ಇಲ್ಲದಿದ್ದರೆ ನೆಟ್‌ವರ್ಕ್‌ನ ಟರ್‌ಟರ್ ಸದ್ದು ಮೈಕ್ ತಂತಿಗೆ ಸೇರಿಕೊಳ್ಳುತ್ತೆ. ಮೈಕ್ ಬಾಯಿಂದ ಒಂದು ಗೇಣು ಕೆಳಗಿರಲಿ, ಮಾತಿನ ಮಟ್ಟ ರೆಕಾರ್ಡಿಂಗ್ ಆ್ಯಪ್‌ನ ಮೀಟರಿನಲ್ಲಿ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ಒಳಗೆ. ಮಟ್ಟ ಮೀರಿ ಒಮ್ಮೆ ಒಡೆದ ಧ್ವನಿಯನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಸರಿಮಾಡಲ್ಲ. ಗಾಳಿಗೆ ಬರೀ ಸ್ಪಂಜು ಸಾಲದು, ಮೇಲೆ ರೋಮದ ಕವಚ ಬೇಕು. ಅದಿಲ್ಲದಿದ್ದರೆ ಗಾಜು ಏರಿಸಿದ ಆಮ್ನಿ ವ್ಯಾನಿನೊಳಗೆ ಕೂರಿಸಿ, ಒಳ್ಳೆ ಸ್ಟುಡಿಯೋ ಅದು!

ಪಂಪ್‌ಸೆಟ್ ಓಡುವಾಗ ಮಾತು ಬೇಡ. ಮೋಟರ್ ಸದ್ದನ್ನು ಬೇರೆಯಾಗಿ ಒಂದು ನಿಮಿಷ ಹಿಡಿದು, ಎಡಿಟಿಂಗ್‌ನಲ್ಲಿ ಕೆಳಗೆ ಸೇರಿಸಿ. ಜಾಗದ ಬರೀ ಮೌನವನ್ನೂ 30 ಸೆಕೆಂಡ್ ಹಿಡೀರಿ. ಕತ್ತರಿಸಿದ ಕಡೆ ಅದನ್ನು ತುಂಬದಿದ್ದರೆ ಧ್ವನಿ ಗಕ್ಕನೆ ನಿಂತ ಹಾಗೆ ಕೇಳುತ್ತೆ. 48 ಕಿಲೋಹರ್ಟ್ಸ್, 16 ಬಿಟ್, ಮೋನೋ ವೇವ್ ಫೈಲ್ ನಿಮಿಷಕ್ಕೆ ಸುಮಾರು 6 ಎಂಬಿ. ವಾಟ್ಸಾಪ್‌ನಲ್ಲಿ ಕಳಿಸೋದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ವಾಯ್ಸ್ ನೋಟ್ ಆದರೆ ಸ, ಶ ಸವೆದು ಹೋಗುತ್ತೆ.

ಒರತೆ: ಕೊಡಪಾನ ಅವರು ಬಿಟ್ಟ ಒಂದು ಮಾತು: ಪರೀಕ್ಷೆಯ ಅಂಕಿ ಓದುವ ಮುಂಚೆ ನೀರನ್ನು ಹೇಗೆ ಹಿಡಿದರು ಅಂತ ಕೇಳಿ. ಪೈಪಲ್ಲಿ ನಿಂತ ನೀರು ಹೋಗಲಿ ಅಂತ ಪಂಪ್ ಐದಾರು ನಿಮಿಷ ಓಡಬೇಕು, ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ತೊಳೀಬೇಕು. ಗಾಜಿನ ಬಾಟಲಿ ಬೇಡ, ಫ್ಲೋರೈಡ್ ಗಾಜಿನೊಂದಿಗೆ ವರ್ತಿಸುತ್ತೆ. ಪ್ರಸಾರದಲ್ಲಿ ಮಾದರಿ ಹಿಡಿದ ತಾರೀಖು ಹೇಳಿ. ಮಳೆಗಾಲದ ಅಂಕಿ ಬೇಸಿಗೆಗೆ ಹೊಂದಲೇಬೇಕೆಂದಿಲ್ಲ.

ಸಮುದಾಯ ಬಾನುಲಿಯಲ್ಲಿ ಸ್ವಂತ ಸುದ್ದಿ ಓದುವಂತಿಲ್ಲ ನಿಜ, ಆದರೆ ಹೆದರಬೇಡಿ. ಸ್ಥಳೀಯ ಆಡಳಿತ ಕೊಡುವ ನೀರು ಪೂರೈಕೆ, ಆರೋಗ್ಯ ಎಚ್ಚರಿಕೆಯ ಮಾಹಿತಿಯನ್ನು ಸಮುದಾಯ ಬಾನುಲಿಯ ಸರ್ಕಾರಿ ಮಾರ್ಗಸೂಚಿ ಸುದ್ದಿ ಅಂತ ಎಣಿಸಲ್ಲ. ರೆಕಾರ್ಡಿಂಗ್ ಮಾತ್ರ 3 ತಿಂಗಳು ಕಾಪಾಡಿ.

ಹೊಸಸ್ವರ: ಧನ್ಯವಾದ. ನೀರು ಶುದ್ಧ ಮಾಡುವ ಆರ್‌ಒ ಘಟಕದಿಂದ ಬೇಡವೆಂದು ಹೊರಬೀಳುವ ನೀರನ್ನು ದನಕ್ಕೆ ಕುಡಿಸ್ತಾರೆ, ಅದನ್ನೂ ಕೇಳಬಹುದಾ?

ಒರತೆ: ಕೇಳಲೇಬೇಕು. ಶುದ್ಧ ಮಾಡುವಾಗ ತೆಗೆದ ಫ್ಲೋರೈಡೆಲ್ಲ ಆ ನೀರಲ್ಲೇ ಸೇರಿರುತ್ತೆ. ನೆಲ ತೊಳೆಯಲು, ಶೌಚಾಲಯಕ್ಕೆ ಬಳಸಲಿ, ದನಗಳ ತೊಟ್ಟಿಗೆ ಬೇಡ. ದನಕ್ಕೂ ಹಲ್ಲು, ಮೂಳೆಯ ಫ್ಲೋರೋಸಿಸ್ (ಫ್ಲೋರೈಡ್ ಹೆಚ್ಚಾಗಿ ಬರುವ ಕಾಯಿಲೆ) ಬರುತ್ತೆ. ಆ ಕಂತಿಗೆ ಪಶುವೈದ್ಯರನ್ನು ಕರೆಸಿ.